ನೀರಿನ ಡಬ್ಬಿಗೆ ಹೇಳಿದ ಮಾತು

ಹೊಸಮನೆ, ಶಿವಮೊಗ್ಗ
14 ಮೇ 1939, ಭಾನುವಾರ

ಬೀಗರಾದ ಓಂಕಾರಪ್ಪನವರಿಗೆ ಗಂಗಾಧರಪ್ಪ ಮಾಡುವ ಶರಣು.

ಬರೆಯೋದು ನನ್ನ ಕೆಲಸ ಅಲ್ಲ. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಮುರಿಯೋ ಹಂಗೆ ಹೊಡೆದ ದಿನವೇ ಸ್ಲೇಟು ಬಾವಿಗೆ ಹಾಕಿ ಮನೆಗೆ ಬಂದವನು ನಾನು. ಆಮೇಲೆ ಮೂವತ್ತು ವರ್ಷ ಎತ್ತಿನ ಗಾಡಿ ಹೊಡೆದೆ, ಈಗ ಎಂಟು ವರ್ಷದಿಂದ ಬಾಡಿಗೆ ಕಾರು ಹೊಡೀತಿದ್ದೀನಿ. ಎತ್ತೂ ಅಕ್ಷರ ಕೇಳಲಿಲ್ಲ, ಕಾರೂ ಕೇಳಲಿಲ್ಲ. ನೀವು ಕೇಳಿದಿರಿ. ನನ್ನ ಮಗ ಹಾಲೇಶಿ ಹೆಂಡತಿಯನ್ನ ಕರೆಯೋಕೆ ನಿಮ್ಮ ಮನೆಗೆ ಬಂದರೆ, "ನಿಮ್ಮಪ್ಪ ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದು ಕಳಿಸಲಿ, ಆಮೇಲೆ ನೋಡೋಣ" ಅಂದಿರಂತೆ. ನಾನೇನು ನಿಮ್ಮ ಕಾರ್ಖಾನೆ ಗೇಟಿಗೆ ತಡವಾಗಿ ಬಂದ ಕೂಲಿಯವನೇ ಮಾರಾಯ್ರೆ? ಶಿವಮೊಗ್ಗಕ್ಕೂ ಭದ್ರಾವತಿಗೂ ಹನ್ನೊಂದು ಮೈಲಿ. ಎದುರು ಬದರು ಕೂತು ಬೈದುಕೊಂಡಿದ್ದರೆ ಒಂದು ಲೋಟ ಕಾಫಿಯಲ್ಲಿ ಮುಗೀತಿತ್ತು.

ಆದರೆ ನನ್ನ ಹೆಂಡತಿ ಕಾಳಮ್ಮ, ಕಾಗದ ಬರೆಯೋವರೆಗೂ ಸಾರಿಗೆ ಉಪ್ಪು ಹಾಕಲ್ಲ ಅಂತ ಕೂತಿದ್ದಾಳೆ. ಇವತ್ತಿಗೆ ಮೂರು ದಿನ ಆಯ್ತು ಸಪ್ಪೆ ಸಾರು ಉಂಡು. ಅದಕ್ಕೆ ಬರೀತಿದ್ದೀನಿ. ನಿಮಗೆ ಹೆದರಿ ಅಲ್ಲ.

ನಡೆದದ್ದು ಇಷ್ಟು. ಮಕ್ಕಳ ಮದುವೆ ದಿನ ಪಂಕ್ತಿಯಲ್ಲಿ ಕೂತು, ಎಲ್ಲರೂ ಕೇಳೋ ಹಂಗೆ, "ಬೀಗರ ಕಾರು ಆಯನೂರಿನ ಏರು ಹತ್ತಿದರೆ ಅದೇ ಹೆಚ್ಚು" ಅಂತ ನಕ್ಕವರು ನೀವು. ಎರಡು ವರ್ಷ ಆ ಮಾತನ್ನ ಹೊಟ್ಟೇಲಿಟ್ಟುಕೊಂಡಿದ್ದೆ. ಈ ಬೇಸಿಗೇಲಿ ಕೆಮ್ಮಣ್ಣುಗುಂಡಿ ಬೆಟ್ಟಕ್ಕೇ ಹತ್ತಿಸಿ ತೋರಿಸ್ತೀನಿ ಬನ್ನಿ ಅಂದೆ. ಆ ಬೆಟ್ಟದ ಅದಿರು ಕರಗಿಸೋ ಊರಲ್ಲಿ ಹದಿನಾಲ್ಕು ವರ್ಷ ಕೂತಿದ್ದೀರಿ, ಬೆಟ್ಟ ನೋಡಿರಲಿಲ್ಲ. ನೀವೂ ಕುಣಿದುಕೊಂಡೇ ಬಂದಿರಿ. ಹಾಲೇಶಿಗೆ ಪ್ರೆಸ್ಸಲ್ಲಿ ಲಗ್ನಪತ್ರಿಕೆ ಅಚ್ಚು ಹಾಕೋ ಕಾಲ, ರಜ ಸಿಗಲಿಲ್ಲ. ಮುಂದಿನ ಸೀಟಲ್ಲಿ ನಾನು ನೀವು, ಹಿಂದೆ ಕಾಳಮ್ಮ ಮತ್ತೆ ನಿಮ್ಮ ಮಗಳು ಬಂಗಾರಮ್ಮ.

ಲಿಂಗದಹಳ್ಳಿ ದಾಟಿ ಘಟ್ಟ ಹತ್ತಿದ ಮೇಲೆ ರೇಡಿಯೇಟರಿನ ನೀರು ಕುದಿಯಿತು. ಬೇಸಿಗೆ, ಕುದಿಯದೆ ಇನ್ನೇನು ಮಾಡುತ್ತೆ. ತಿರುವಿನಲ್ಲಿ ನಿಲ್ಲಿಸಿ ಡಬ್ಬಿಯಿಂದ ತಣ್ಣೀರು ಹೊಯ್ದೆ. ಏರಿನಲ್ಲಿ ನಿಂತ ಗಾಡಿಗೆ ಚಕ್ರದ ಹಿಂದೆ ಕಲ್ಲು ಕೊಡಬೇಕು, ಇಲ್ಲಾಂದ್ರೆ ಹಿಂದಕ್ಕೆ ಜಾರುತ್ತೆ. ಗಾಡಿ ಮುಂದಕ್ಕೆ ಎಳೆದ ತಕ್ಷಣ ಕಲ್ಲು ಕೊಟ್ಟವನು ಅದನ್ನ ತೆಗೆದು ರಸ್ತೆ ಪಕ್ಕಕ್ಕೆ ಹಾಕಿ ಓಡಿ ಬಂದು ಹಿಂದಿನ ಮೆಟ್ಟಿಲು ಹತ್ತಿ ನಿಲ್ಲಬೇಕು, ಸಮ ಸಿಕ್ಕ ಮೇಲೆ ಮುಂದೆ ಬಂದು ಕೂರೋದು. ಎತ್ತಿನ ಗಾಡಿ ಕಾಲದಿಂದಲೂ ಇರೋ ಪದ್ಧತಿ. ನೀವು ಕಲ್ಲು ಕೊಟ್ಟಿರಿ. ಕಲ್ಲು ತೆಗೆದಿರಿ. ಹತ್ತಲಿಲ್ಲ. ಅದು ನನ್ನ ತಪ್ಪೇ?

ಎಂಜಿನ್ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ. ಕಾಳಮ್ಮ ತಲೆ ಸುತ್ತಿ ಸೊಸೆಯ ತೊಡೆ ಮೇಲೆ ಮಲಗಿದ್ದಳು. ಹಿಂದೆ ಕೂತಿದ್ದ ನಿಮ್ಮ ಮಗಳು ಒಂದು ಮಾತು ಹೇಳಿದ್ದರೆ ಆಗೋದು. ಹೇಳಲಿಲ್ಲ. ಮುಗೀತು. ಇದನ್ನೇ ದೊಡ್ಡದು ಮಾಡಿ, ಬರೋವಾಗ ಭದ್ರಾವತೀಲಿ ನೀವು ಇಳಿದದ್ದಲ್ಲದೆ ಅವಳನ್ನೂ ಇಳಿಸಿಕೊಂಡಿರಿ. ಹಾಲೇಶಿ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಬುಧವಾರದ ರೈಲಿಗೆ ಅವಳನ್ನ ಕಳಿಸಿ.

ಗಂ.


ಕಾರ್ಖಾನೆ ಕ್ವಾರ್ಟರ್ಸ್, ಭದ್ರಾವತಿ
17 ಮೇ 1939, ಬುಧವಾರ

ಶ್ರೀಮಾನ್ ಬೀಗರಾದ ಗಂಗಾಧರಪ್ಪನವರ ಸನ್ನಿಧಿಗೆ ಓಂಕಾರಪ್ಪನ ಶರಣುಗಳು.

ತಮ್ಮ ಹದಿನಾಲ್ಕನೇ ತಾರೀಕಿನ ಕಾಗದ ತಲುಪಿತು. ಪೂರ್ತಿ ಸಹಿ ಇಲ್ಲ. ಇರಲಿ, ಧಾಟಿಯಿಂದ ಗುರುತು ಹಿಡಿದೆನು. ಇವತ್ತಿನ ರೈಲಿಗೆ ಬಂಗಾರಿಯನ್ನು ಕಳಿಸಿಲ್ಲ. ಕಾರಣಗಳನ್ನು ತಿಳಿಸುತ್ತೇನೆ.

ಬೀಗರೆಂದರೆ ಮಣೆ ಹಾಕಿ ಕೂರಿಸುವ ಜನ. ತಾವು ನನಗೆ ಕಲ್ಲು ಹೊರಿಸಿದಿರಿ. ನಾನು ಟೈಂ ಆಫೀಸಿನ ಹಿರಿಯ ಗುಮಾಸ್ತ. ಕೋಟು ರುಮಾಲು ಧರಿಸಿ, ಹೊಸ ಪಂಪ್ ಷೂ ಹಾಕಿಕೊಂಡು ಬಂದಿದ್ದೆ. "ಹಿಂದಿನ ಚಕ್ರ ಬೀಗರೇ, ಹಿಂದಿನದು! ಮುಂದಿನದಕ್ಕೆ ಕೊಟ್ಟು ಪೂಜೆ ಮಾಡ್ತೀರಾ?" ಎಂದು ತಾವು ಕಾಡೆಲ್ಲ ಕೇಳುವಂತೆ ಕೂಗಿದ್ದನ್ನು ಕಾಗದದಲ್ಲಿ ಬರೆದಿಲ್ಲ.

ಕಾರು ತಿರುವಿನಲ್ಲಿ ಮರೆಯಾಯಿತು. ಬರುತ್ತದೆ ಎಂದು ನಿಂತೆ. ಬರಲಿಲ್ಲ. ಕೂಗಿದೆ. ಮರದ ಮೇಲಿನ ಒಂದು ಮುಸುವ ಕೋತಿ ಮಾತ್ರ ಉತ್ತರ ಕೊಟ್ಟಿತು. ನಾಲ್ಕು ಮೈಲಿ ನಡೆದೆನು. ಎರಡು ಹಿಮ್ಮಡಿಯಲ್ಲೂ ಬೊಬ್ಬೆ. ಕಡೆಗೆ ಇದ್ದಿಲು ಇಳಿಸಿ ಖಾಲಿ ಬರುತ್ತಿದ್ದ ಗಾಡಿಯವನೊಬ್ಬ ಕರುಣೆಯಿಂದ ಹತ್ತಿಸಿಕೊಂಡ. ಬೆಟ್ಟದ ಮೇಲೆ ಇಳಿದಾಗ ಬೀಗಿತ್ತಿ ಕಾಳಮ್ಮನವರು ಮಸಿ ಹತ್ತಿದ ನನ್ನ ಮುಖ ನೋಡಿ, "ಇದ್ದಿಲು ಬೇಡಪ್ಪ, ಮುಂದೆ ಹೋಗು" ಅಂದರು. ಇದನ್ನೂ ತಾವು ಬರೆದಿಲ್ಲ. ಕಲ್ಲನ್ನು ಸಾಕ್ಷಿಗೆಂದು ಹೊತ್ತು ತಂದಿದ್ದೇನೆ. ಅದು ನಮ್ಮ ಜಗಲಿಯ ಮೇಲಿದೆ. ಬಂದು ನೋಡಬಹುದು.

ನನ್ನ ಮಗಳ ವಿಷಯ. ಹೆತ್ತ ತಂದೆ ಕಾಡಿನಲ್ಲಿ ಉಳಿದದ್ದನ್ನು ಕಣ್ಣಾರೆ ಕಂಡು ಸುಮ್ಮನೆ ಕೂತಳಲ್ಲ ಎಂದು ಬೆಟ್ಟದ ಮೇಲೆ ಎಲ್ಲರೆದುರು ಬೈದೆ. ಮನೆಗೆ ಬಂದೂ ಬೈದೆ. "ಬಾಯಿ ಏನಾಗಿತ್ತೇ? ನಿನ್ನ ಬಾಯಿಗೆ ಅವರೇನು ಬೀಗ ಹಾಕಿದ್ದಾರಾ?" ಎಂದರೆ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಎರಡು ವರ್ಷದಲ್ಲಿ ನಿಮ್ಮ ಮನೆ ಅವಳನ್ನು ಮೂಗಿ ಮಾಡಿದೆ. ಸೊಸೆ ಮಾವನ ಎದುರು ಬಾಯಿ ಬಿಡಬಾರದು ಎಂಬುದು ನಮ್ಮ ಕಡೆಯೂ ಇರುವ ಪದ್ಧತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪನ ಪ್ರಾಣ ಹೋಗುವಾಗಲೂ ಬಾಯಿ ತೆರೆಯದಷ್ಟು ಹೆದರಿಕೆ ಹುಟ್ಟಿಸಿದ ಮನೆಗೆ ಅವಳನ್ನು ಕಳಿಸಲು ನನಗೆ ಮನಸ್ಸಿಲ್ಲ. ಅಳಿಯಂದಿರು ಬೇಕಾದರೆ ಇಲ್ಲಿಗೇ ಬಂದು ಇರಲಿ. ಭದ್ರಾವತಿಯಲ್ಲೂ ಪ್ರೆಸ್ಸುಗಳಿವೆ.

ತಮ್ಮ ಕಡೆಯಿಂದ ಅಜಾಗರೂಕತೆ ನಡೆಯಿತೆಂದು ಸ್ಪಷ್ಟವಾಗಿ ಬರೆದು, ಪೂರ್ತಿ ಸಹಿ ಹಾಕಿ ಕಳಿಸಿದಲ್ಲಿ ಮುಂದಿನದನ್ನು ಆಲೋಚಿಸುತ್ತೇನೆ.

ಓಂಕಾರಪ್ಪ


ಶಿವಮೊಗ್ಗ
20 ಮೇ 1939, ಶನಿವಾರ

ಬೀಗರಿಗೆ,

ನನ್ನ ಮಗ ಮನೆ ಅಳಿಯ ಆಗಬೇಕಾ? ಆ ಸಾಲು ಕೇಳಿ ಕಾಳಮ್ಮ ಅಳೋಕೆ ಶುರು ಮಾಡಿದಳು. ಹಾಲೇಶಿ ಮಾತ್ರ ಅಳಲಿಲ್ಲ. ಭದ್ರಾವತೀಲಿ ಪ್ರೆಸ್ಸು ಎಲ್ಲಿದೆ ಅಂತ ಪಕ್ಕದ ಮನೆಯವರನ್ನ ಕೇಳ್ತಿದ್ದ. ನನ್ನ ಕಿವಿಗೆ ಬಿತ್ತು. ನನಗಿರೋದು ಒಬ್ಬ ಮಗ. ಒಂದು ಕಲ್ಲಿನ ಕಥೆ ಎಲ್ಲಿಗೆ ಬಂತು ನೋಡಿ.

ನಾಲ್ಕು ಮೈಲಿ ನಡೆದೆ ಅಂತೀರಿ. ಆ ತಿರುವಿನಿಂದ ಮೇಲಕ್ಕೆ ಇರೋದೇ ಮೂರು. ಅದರಲ್ಲಿ ಅರ್ಧ ಇದ್ದಿಲು ಗಾಡೀಲಿ ಕೂತು ಬಂದಿರಿ. ಉಳಿದದ್ದು ಒಂದೂವರೆ. ಹಿಮ್ಮಡಿ ಬೊಬ್ಬೆ ಬಂದದ್ದು ಹೊಸ ಷೂಗೆ, ಅದು ನಿಮ್ಮ ಮನೆ ಅಂಗಳದಲ್ಲಿ ನಡೆದಿದ್ದರೂ ಬರ್ತಿತ್ತು.

ನಾನು ಬರೆಯದೆ ಬಿಟ್ಟದ್ದು ಹೇಳಿದಿರಿ. ನೀವು ಬಿಟ್ಟದ್ದು ನಾನು ಹೇಳ್ತೀನಿ. ಕಲ್ಲು ತೆಗೆದವರು ಹತ್ತೋಕೆ ಮುಂಚೆ, ಅದನ್ನ ಎರಡು ಕೈಯಲ್ಲಿ ಹಿಡಿದುಕೊಂಡು, "ರೈಟ್! ರೈಟ್!" ಅಂತ ಬಸ್ಸಿನ ಕಂಡಕ್ಟರ್ ಹಂಗೆ ಕೂಗಿದ್ದು ಯಾರು? ನಿಮ್ಮ ತಾತನೇ? ರೈಟ್ ಅಂದ ಮೇಲೆ ಡ್ರೈವರು ಹೋಗದೆ ಇನ್ನೇನು ಮಾಡ್ತಾನೆ? ಹತ್ತಿದ್ದಾರೆ ಅಂತಲೇ ಅರ್ಥ. ಲೋಕದಲ್ಲಿ ಎಲ್ಲಾದರೂ ಕಂಡಕ್ಟರು ರಸ್ತೇಲಿ ನಿಂತು ರೈಟ್ ಅಂತಾನಾ? ಗುಮಾಸ್ತಿಕೆ ಮಾಡಿ ಮಾಡಿ ಒಂದು ದಿನವಾದರೂ ಹಂಗೆ ಕೂಗಬೇಕು ಅಂತ ನಿಮಗೆ ಆಸೆ ಇತ್ತು. ಕೂಗಿದಿರಿ. ಅನುಭವಿಸಿದಿರಿ.

ನನ್ನ ಮನೇಲಿ ಹೆದರಿಕೆ ಹುಟ್ಟಿಸಿದ್ದೀವಂತೆ. ಮಾವನ ಹತ್ತಿರ ನೇರ ಮಾತಾಡಲ್ಲ, ಅಷ್ಟೇ. ಯಾವ ಮನೇಲಿ ಮಾತಾಡ್ತಾರೆ? ಊಟಕ್ಕೆ ಆಗಿದೆ ಅಂತ ಹೇಳೋದಿದ್ದರೆ ಕಂಬಕ್ಕೆ ಹೇಳ್ತಾಳೆ, ನನಗೆ ಕೇಳಿಸುತ್ತೆ, ಎದ್ದು ಹೋಗ್ತೀನಿ. ಯಾರೋ ಬಂದಿದ್ದಾರೆ ಅಂತ ಬೆಕ್ಕಿಗೆ ಹೇಳ್ತಾಳೆ, ನಾನು ಬಾಗಿಲಿಗೆ ಹೋಗ್ತೀನಿ. ಎರಡು ವರ್ಷ ಹಿಂಗೇ ನಡೆದಿದೆ, ಒಂದು ದಿನ ತೊಂದರೆ ಆಗಿಲ್ಲ. ಅವತ್ತೂ ಅವಳು ಹೇಳಿದ್ದು ಕಾಲ ಹತ್ತಿರ ಇದ್ದ ನೀರಿನ ಡಬ್ಬಿಗೆ, ನನಗಲ್ಲ. ಡಬ್ಬಿಗೆ ಹೇಳಿದ್ದಕ್ಕೆ ಡ್ರೈವರು ಜವಾಬ್ದಾರನಾ?

ಮೇಲಿನ ಎರಡು ಸಾಲು ಬಿಟ್ಟು ಓದಿ. ಹೊಡೆದು ಹಾಕೋಣ ಅಂದ್ರೆ ಶಾಯಿ ಮುಗೀತಾ ಬಂತು.

ಸೊಸೇನ ಕಳಿಸಿ.

ಗಂಗಾಧರಪ್ಪ (ಪೂರ್ತಿ ಸಹಿ, ತಗೊಳ್ಳಿ)


ಭದ್ರಾವತಿ
24 ಮೇ 1939, ಬುಧವಾರ

ಬೀಗರಿಗೆ ಶರಣು.

ತಾವು ಬಿಟ್ಟು ಓದಿ ಎಂದ ಎರಡು ಸಾಲುಗಳನ್ನು ನಾಲ್ಕು ಸಲ ಓದಿದೆನು. ಕೊನೆಯ ಸಲ ಗಟ್ಟಿಯಾಗಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಓದಿದೆನು.

ಒಳಗೆ ಒನಕೆಯ ಸದ್ದು ನಿಂತಿತು.

"ಹೌದೇನೇ ಬಂಗಾರಿ? ನೀನು ಹೇಳಿದ್ದೆಯಾ?" ಅಂದೆ.

"ಹೇಳಿದ್ದೆ."

"ಏನಂತ?"

"'ಡಬ್ಬೀ, ಅಪ್ಪ ಹತ್ತಲಿಲ್ಲ, ಗಾಡಿ ನಿಲ್ಲಿಸೋಕೆ ಹೇಳು' ಅಂತ. ಮೂರು ಸಲ."

"ಮತ್ತೆ ಬೆಟ್ಟದ ಮೇಲೆ ನಾನು ಬೈದಾಗ ಯಾಕೆ ಬಾಯಿ ಬಿಡಲಿಲ್ಲ? ಹದಿನೈದು ದಿನದಿಂದ ಮನೇಲಿ ಬೈತಿದ್ದೀನಿ, ಆಗ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಮಾವ ಸುಳ್ಳು ಹೇಳಿದರು ಅಂತ ಆಗ್ತಿತ್ತು. ಹಿರಿಯರು" ಅಂದಳು. ಮತ್ತೆ ಒನಕೆ ಎತ್ತಿಕೊಂಡಳು.

ಬೀಗರೇ, ಆ ದಿನ ಊಟ ಸೇರಲಿಲ್ಲ. ನಾನು ಎಲ್ಲರೆದುರು ಮೂದಲಿಸಿದ್ದು ತಪ್ಪು ಮಾಡದ ಮಗುವನ್ನು. "ರೈಟ್" ವಿಷಯಕ್ಕೆ ಬಂದರೆ, ಕೂಗಿದ್ದು ನಿಜ. ಒಂದೇ ಸಲ ಕೂಗಿದೆ, ತಾವು ಎರಡು ಎಂದು ಬರೆದಿದ್ದೀರಿ. ಅವಳಿಗೂ ಅದು ಕೇಳಿಸಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ. ಎರಡು ಮನೆಯ ಗಂಡಸರ ಮಾನವನ್ನು ಒಬ್ಬಳೇ ಸೆರಗಿನಲ್ಲಿ ಕಟ್ಟಿಕೊಂಡು ಬೈಸಿಕೊಂಡಳಲ್ಲ ಎಂದು ನಮ್ಮ ಮನೆಯವರು ನನ್ನನ್ನು ಹಿಡಿದು ಕೇಳಿದರು. ಮಗಳ ಮುಂದೆ ತಪ್ಪಾಯಿತು ಎಂದೆ. ನನ್ನ ಪಾಲಿನದು ಮುಗಿಯಿತು.

ನಾಳೆಯೇ ಶಿವಮೊಗ್ಗಕ್ಕೆ ಬಿಟ್ಟು ಬರುತ್ತೇನೆ ಹೊರಡು ಎಂದೆನು. ಈಗ ಅವಳೇ ಹೊರಡಲೊಲ್ಲಳು. ನನಗೆ ಹೇಳಲಿಲ್ಲ. ಬಾಗಿಲ ತೋಳಿಗೆ ಹೇಳಿದಳು, ನಾನು ಪಕ್ಕದಲ್ಲೇ ಇದ್ದೆ: "ಅವತ್ತು ನಾನು ಡಬ್ಬಿಗೆ ಹೇಳಿದ್ದಕ್ಕೆ ಮಾವ ಇನ್ನೂ ಉತ್ತರ ಕೊಟ್ಟಿಲ್ಲ. ಕೊಟ್ಟ ಮೇಲೆ ಹೋಗ್ತೀನಿ. ಅಪ್ಪನಿಗೆ ಬರೆದರೆ ಅದು ನನಗೆ ಕೊಟ್ಟ ಉತ್ತರ ಅಲ್ಲ."

ಇದು ಇನ್ನು ನಮ್ಮಿಬ್ಬರ ವ್ಯವಹಾರವಲ್ಲ.

ಓಂಕಾರಪ್ಪ


ಶಿವಮೊಗ್ಗ
26 ಮೇ 1939, ಶುಕ್ರವಾರ

ಬೀಗರಿಗೆ,

ಮಾವ ಸೊಸೆಗೆ ಕಾಗದ ಬರೆಯೋದು ಎಲ್ಲಾದರೂ ಕೇಳಿದ್ದೀರಾ? ಅಂಚೆಯವನು ಮೇಲಿನ ಹೆಸರು ಓದಿದರೆ ಬೀದಿ ಪೂರ್ತಿ ನಗುತ್ತೆ. ನನ್ನಪ್ಪ ನಮ್ಮವ್ವನಿಗೇ ಒಂದು ಮಾತು ನೇರ ಆಡಿದ್ದು ನಾನು ಕಂಡಿಲ್ಲ. ಎಲ್ಲಾ ಸರಿ ಹೋಯ್ತು, ಬಾ ಅಂದ್ರು ನಿಮ್ಮ ಮಾವ ಅಂತ ನೀವೇ ಹೇಳಿಬಿಡಿ. ಅಷ್ಟು ಸಾಕು ಅವಳಿಗೆ. ಒಳ್ಳೆ ಹುಡುಗಿ.

ಕಾಳಮ್ಮ ಸಾರಿಗೆ ಉಪ್ಪು ಹಾಕಿದ್ದಳು, ನಿಮ್ಮ ಕಾಗದ ಓದಿಸಿ ಕೇಳಿದ ಮೇಲೆ ಈಗ ಸಾರೇ ಮಾಡ್ತಿಲ್ಲ. "ಸುಳ್ಳು ಹೇಳಿ ಆ ಮಗು ತಲೆಗೆ ಕಟ್ಟಿದಿರಲ್ಲ, ನಿಮಗೆ ಅನ್ನ ಹೆಂಗೆ ಇಳಿಯುತ್ತೆ" ಅಂತಾಳೆ. ಮಜ್ಜಿಗೇಲಿ ಇಳೀತಾ ಇದೆ.

ಗಂಗಾಧರಪ್ಪ


ಭದ್ರಾವತಿ
27 ಮೇ 1939, ಶನಿವಾರ

ಬೀಗರಿಗೆ,

ಹೇಳಿದೆನು. ತಲೆ ಆಡಿಸಿದಳು. ಅಡ್ಡಡ್ಡ.

ನಿನ್ನೆ ನಮ್ಮ ಮನೆಯವರು, "ಬೆಟ್ಟ ಹೇಗಿತ್ತೇ? ಅಷ್ಟು ದೂರ ಹೋಗಿ ಬಂದು ಒಂದು ಮಾತೂ ಹೇಳಲಿಲ್ಲ" ಎಂದು ಕೇಳಿದರು. "ನಾನೆಲ್ಲಿ ನೋಡಿದೆನಮ್ಮ. ಹೋಗೋವಾಗ ಅತ್ತೆ ತಲೆ ಹಿಡಕೊಂಡಿದ್ದೆ. ಆಮೇಲೆ ಅಪ್ಪ ಕಾಣ್ತಾರೇನೋ ಅಂತ ಹಿಂದಿನ ರಸ್ತೇನೇ ನೋಡ್ತಿದ್ದೆ" ಅಂದಳಂತೆ.

ಅಳಿಯಂದಿರು ನಿನ್ನೆ ಸಂಜೆ ಬಂದು ಇಲ್ಲೊಂದು ಪ್ರೆಸ್ಸಿನಲ್ಲಿ ವಿಚಾರಿಸಿ ಹೋದರು. ಕೆಲಸ ಖಾಲಿ ಇದೆಯಂತೆ. ನಾನು ಕರೆಸಿದ್ದಲ್ಲ. ತಮಗೆ ತಿಳಿದಿರಲಿ ಎಂದು ಬರೆದೆ.

ಓಂಕಾರಪ್ಪ


ಹೊಸಮನೆ, ಶಿವಮೊಗ್ಗ
29 ಮೇ 1939, ಸೋಮವಾರ

ಸೊಸೆ ಬಂಗಾರಮ್ಮನಿಗೆ ನಿನ್ನ ಮಾವ ಗಂಗಾಧರಪ್ಪನ ಆಶೀರ್ವಾದ.

ಹಾಲೇಶಿ, ನೀವು ಹೇಳಿ ನಾನು ಬರೀತೀನಿ ಅಂದ. ಬೇಡ ಅಂದೆ. ಇದರಲ್ಲಿ ಅಕ್ಷರ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದಿಕೋ. ನೀನು ನಾಲ್ಕನೇ ಕ್ಲಾಸು ಓದಿದವಳು, ನನಗಿಂತ ಎರಡು ಹೆಚ್ಚು. ಈ ಕಾಗದಕ್ಕೆ ಬೆಳಿಗ್ಗೆಯಿಂದ ಕೂತಿದ್ದೀನಿ. ಆಯನೂರಿಗೆ ಬಾಡಿಗೆ ಬಂದಿತ್ತು, ಆಗಲ್ಲ ಹೋಗಯ್ಯ ಅಂತ ಬೈದು ಕಳಿಸಿದೆ.

ನೀನು ಡಬ್ಬಿಗೆ ಹೇಳಿದ್ದು ನನಗೆ ಕೇಳಿಸಿತು. ಮೊದಲನೇ ಸಲವೇ ಕೇಳಿಸಿತು. ಮೂರನೇ ಸಲ ನೀನು ಡಬ್ಬಿ ಹೆಸರನ್ನೂ ಬಿಟ್ಟು ಬರೀ "ಅಪ್ಪ, ಅಪ್ಪ" ಅಂದೆ. ಅದೂ ಕೇಳಿಸಿತು.

ಏರಿನಲ್ಲಿ ನಿಲ್ಲಿಸೋಕೆ ಆಗ್ತಿರಲಿಲ್ಲ, ಅದು ನಿಜ. ನಿಲ್ಲಿಸಿದ್ದರೆ ನಾಲ್ಕು ಜನರ ಬದಲು ಮೂರು ಜನ ಪಾತಾಳಕ್ಕೆ ಹೋಗ್ತಿದ್ದೆವು, ನಿಮ್ಮಪ್ಪ ಒಬ್ಬರು ಉಳೀತಿದ್ದರು. ಆದರೆ ಎರಡು ತಿರುವು ಕಳೆದ ಮೇಲೆ ಸಮ ಇತ್ತು. ಒಂದು ಹೊನ್ನೆ ಮರ, ಅದರ ಕೆಳಗೆ ಒಳ್ಳೆ ನೆರಳು. ಅಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಯಾಕೆ ಅಂತ ಕೇಳ್ತೀಯ. ಕಾಳಮ್ಮನೂ ಕೇಳಿದಳು, ಅವಳಿಗೆ ಹೇಳಿಲ್ಲ. ನಿಮ್ಮಪ್ಪ ಸ್ವಲ್ಪ ನಡೀಲಿ ಅನ್ನೋ ಕೆಟ್ಟ ಬುದ್ಧಿ ಇತ್ತು, ಅದು ಕಾಲು ಭಾಗ. ಉಳಿದ ಮುಕ್ಕಾಲು ಬೇರೆ. ನಮ್ಮೂರಲ್ಲಿ ಅವತ್ತು ಬೆಳಿಗ್ಗೆ ಸೀಟು ಮುಟ್ಟಿದರೆ ಸುಡ್ತಿತ್ತು. ಆ ತಿರುವು ದಾಟುತ್ತಲೂ ಗಾಳಿ ಬಂತು ನೋಡು, ಮಡಕೆ ನೀರು ಮುಖಕ್ಕೆ ಎರಚಿದ ಹಂಗೆ. ಕಾರು ಕೆಮ್ಮೋದು ಬಿಟ್ಟು, ಒಳ್ಳೆ ಹೋರಿ ಕರು ಹಂಗೆ ತಾನಾಗೇ ಎಳೆಯೋಕೆ ಶುರು ಮಾಡಿತು. ಪಕ್ಕಕ್ಕೆ ನೋಡಿದರೆ ತರೀಕೆರೆ ಕಡೆ ಬಯಲೆಲ್ಲ ಕೆಳಗೆ ಬಿದ್ದಿದೆ, ಕೆರೆಗಳು ಬೆಳಗಿಟ್ಟ ಕಂಚಿನ ತಟ್ಟೆಗಳ ಹಂಗೆ. ಒಂದು ಹದ್ದು ನನಗಿಂತ ಕೆಳಗೆ ಹಾರ್ತಿತ್ತು. ಹದ್ದಿನ ಬೆನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಮೂವತ್ತು ವರ್ಷ ಎತ್ತಿನ ಬಾಲ ನೋಡಿದವನು, ಎಂಟು ವರ್ಷ ಬಾಡಿಗೆಯವರ ಗೊಣಗಾಟ ಕೇಳಿದವನು. ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಇನ್ನೊಂದು ತಿರುವು, ಇನ್ನೊಂದು ತಿರುವು ಅಂತ ಹೋಗಿಬಿಟ್ಟೆ. ಇದು ನೆಪ ಅಲ್ಲ. ನಡೆದದ್ದು ಹೇಳಿದೆ.

ಮೇಲೆ ಹೋದ ಮೇಲೆ ನಿಮ್ಮತ್ತೆ, "ಬೀಗರೆಲ್ಲಿ?" ಅಂದಾಗ ನಾನು ನಿನ್ನ ಕಡೆ ತಿರುಗಿ, "ಹೇಳಬಾರದಿತ್ತಾ?" ಅಂತ ಗದರಿದೆ. ನೀನು ತಲೆ ತಗ್ಗಿಸಿದೆ. ಹೇಳಿದ್ದೆ ಅಂತ ನೀನು ಒಂದು ಮಾತು ಅಂದಿದ್ದರೆ ಅಲ್ಲೇ ನನ್ನ ಮಾನ ಹೋಗೋದು. ನೀನು ನನ್ನದು ಉಳಿಸಿದೆ. ನಾನು ನಿನ್ನದು ಕಳೆದೆ. ಆಮೇಲೆ ಕಾಗದದಲ್ಲೂ ಅದನ್ನೇ ಬರೆದೆ.

ತಪ್ಪು ನನ್ನದು. ಇದನ್ನ ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳಬೇಡ. ಹೇಳಲೇಬೇಕು ಅಂದರೆ ಮೆಲ್ಲಗೆ ಓದು. ಅವರು ಇದನ್ನ ಕಟ್ಟು ಹಾಕಿಸಿ ಗೋಡೆಗೆ ಹಾಕೋ ಪೈಕಿ.

ಇನ್ನು ಮೇಲೆ ನನಗೆ ಹೇಳೋದಿದ್ದರೆ ನನಗೇ ಹೇಳು. ಮಾವ ಅನ್ನು. ಕೇಳಿಸದವನ ಹಂಗೆ ಕೂತಿದ್ದರೆ ಕೂಗು. ಮೊದಮೊದಲು ನಾನು ಉರಿದು ಬೀಳಬಹುದು, ಅದು ನನ್ನ ಹುಟ್ಟುಗುಣ, ಮನಸ್ಸಿಗೆ ಹಚ್ಚಿಕೋಬೇಡ. ಪಕ್ಕದ ಮನೆಯವರು ಏನಾದರೂ ಅಂದರೆ ಅವರಿಗೆ ನಾನು ಹೇಳ್ತೀನಿ, ಅದು ನನಗೆ ಚೆನ್ನಾಗಿ ಬರುತ್ತೆ.

ನೀನು ಬೆಟ್ಟ ನೋಡಲಿಲ್ಲ ಅಂತ ನಿಮ್ಮಪ್ಪ ಬರೆದಿದ್ದಾರೆ. ಆ ಮಾತು ಓದಿ ಮಜ್ಜಿಗೇನೂ ಇಳೀಲಿಲ್ಲ. ಬರೋ ಭಾನುವಾರ, ನಾಲ್ಕನೇ ತಾರೀಕು, ಬೆಳಿಗ್ಗೆ ಆರಕ್ಕೆ ಕಾರು ತಗೊಂಡು ನಿಮ್ಮ ಮನೆ ಬಾಗಿಲಿಗೆ ಬರ್ತೀನಿ. ನೀನು ಮುಂದಿನ ಸೀಟಲ್ಲಿ, ಬಯಲು ಕಾಣೋ ಕಡೆ. ಹಾಲೇಶಿ ಹಿಂದೆ ಅವನ ಅವ್ವನ ತಲೆ ಹಿಡಕೊಂಡು ಕೂರಲಿ, ಅವನ ಅವ್ವ ತಾನೆ. ನೀನು ನಿಲ್ಲಿಸಿ ಅಂದ ಕಡೆ ನಿಲ್ಲಿಸ್ತೀನಿ. ಏರಿನಲ್ಲಿ ಮಾತ್ರ ಅನ್ನಬೇಡ. ಸಂಜೆ ಇಳಿದು ಬಂದ ಮೇಲೆ ನೀನು ಭದ್ರಾವತೀಲಿ ಇಳಿದರೂ ಸರಿ, ಶಿವಮೊಗ್ಗದವರೆಗೆ ಬಂದರೂ ಸರಿ. ಅದು ನಿನಗೆ ಬಿಟ್ಟದ್ದು. ಬಂದರೆ ಹಾಲೇಶಿ ಭದ್ರಾವತಿ ಪ್ರೆಸ್ಸಿನ ಯೋಚನೆ ಬಿಡ್ತಾನೆ, ಇಲ್ಲಾಂದ್ರೆ ಅವನೂ ನಿನ್ನ ಹಿಂದೆ ಇಳೀತಾನೆ. ಇಳೀಬೇಡಿ ಅಂತ ನಾನು ಹೇಳೋದಿಲ್ಲ. ಇಳೀಬೇಡಿ.

ಮೃಗಶಿರೆ ಮಳೆ ಹಿಡಿದರೆ ಆ ಕೆಂಪು ಮಣ್ಣಲ್ಲಿ ಚಕ್ರ ಎತ್ತೋಕಾಗಲ್ಲ, ಆಮೇಲೆ ಮುಂದಿನ ಬೇಸಿಗೇನೇ. ಅದಕ್ಕೆ ತಡ ಮಾಡಬೇಡ. ನಿಮ್ಮಪ್ಪನ ಕೈಲಿ ಬರೆಸಬೇಡ, ಗಂಡನ ಕೈಲಿ ಹೇಳಿ ಕಳಿಸಬೇಡ. ನಿನ್ನ ಕೈಯಲ್ಲೇ ಬರೆದು, ಮೇಲೆ ನನ್ನ ಹೆಸರು ಹಾಕು. ಜೂನ್ ಎರಡನೇ ತಾರೀಕು ಶುಕ್ರವಾರದೊಳಗೆ ಉತ್ತರ ಬರಬೇಕು.

ಗಂಗಾಧರಪ್ಪ